ಅಡಿಕೆ ತೋಟಕ್ಕೂ ಮುರಕಲ್ಲಿನ ಪದವಿಗೂ ಹೊಂದುವ ಕ್ಯಾಮೊಫ್ಲಾಜ್ ಬಟ್ಟೆ: ಗಿಂಪ್ ಪ್ಲಗಿನ್‌ನಲ್ಲಿ ವಿನ್ಯಾಸ ಮಾಡುವ ಬಗೆ

ಅಡಿಕೆತೋಟ, ಬದಿಯಡ್ಕ

ಹಕ್ಕಿಗಳ ಚಿತ್ರ ತೆಗೆಯಲು ಮರೆ ಕಟ್ಟಿ ಕುಳಿತುಕೊಳ್ಳುವವರು ನಮ್ಮ ಭಾಗದಲ್ಲಿ ಹೆಚ್ಚುತ್ತಿದ್ದಾರೆ. ಹಕ್ಕಿ ನೋಡಲು ಹೆಸರಾದ ಕಾಸರಗೋಡಿನ ಕಿದೂರಿಗೆ ದೂರದೂರುಗಳಿಂದ ಬರುವವರೂ ಇದ್ದಾರೆ. ಆದರೆ ಎಲ್ಲರೂ ಹೊದಿಸುವುದು ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಅದೇ ಬಟ್ಟೆ: ಕಡುಹಸಿರು, ಕಂದು, ಕಪ್ಪು ತೇಪೆಗಳದ್ದು. ಅದನ್ನು ಅಡಿಕೆ ತೋಟದೊಳಗೆ ಕಟ್ಟಿ ಇಪ್ಪತ್ತು ಹೆಜ್ಜೆ ಹಿಂದೆ ಸರಿದು ನೋಡಿ. ಬೂದು ಕಾಂಡಗಳ ನಡುವೆ ಒಂದೇ ಕಪ್ಪು ರಾಶಿಯಾಗಿ ಎದ್ದು ಕಾಣುತ್ತದೆ. ಮುರಕಲ್ಲಿನ ಪದವಿನಲ್ಲಂತೂ, ಅಂದರೆ ಕೆಂಪುಕಲ್ಲಿನ ಬೋಳು ಬಯಲಿನಲ್ಲಂತೂ, ಇನ್ನೂ ಕಷ್ಟ.

ವಿನ್ಯಾಸವನ್ನು ಅದು ನಿಲ್ಲುವ ಜಾಗದಿಂದಲೇ ಹುಟ್ಟಿಸಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಅದಕ್ಕೆ ದುಬಾರಿ ತಂತ್ರಾಂಶವೇನೂ ಬೇಡ, ಚಿತ್ರ ತಿದ್ದಲು ಉಚಿತವಾಗಿ ಸಿಗುವ ಗಿಂಪ್ ಎಂಬ ತಂತ್ರಾಂಶ ಸಾಕು. ಗಿಂಪ್ 2.8ರಂಥ ಆವೃತ್ತಿಗಳಲ್ಲಿ ಫೈಲ್ ಮೆನುವಿನಲ್ಲೇ ಕ್ಯಾಮೊಫ್ಲಾಜ್ ಎಂಬ ಸಿದ್ಧ ಸ್ಕ್ರಿಪ್ಟ್ ಇತ್ತು. ಚಿತ್ರದ ಅಳತೆ, ತೇಪೆಯ ಗಾತ್ರ, ಮೂರು ಬಣ್ಣ ಕೊಟ್ಟರೆ ಮುಗಿಯಿತು. ಫ್ರಾನ್ಸಿನ ಗ್ರೇಕ್ ಪ್ರಯೋಗಾಲಯದಲ್ಲಿ 2008ರಿಂದ ಬೆಳೆದುಬಂದ ಜಿಮಿಕ್ ಎಂಬ ಪ್ಲಗಿನ್ (ಗಿಂಪ್‌ಗೆ ಸೇರಿಸಿಕೊಳ್ಳುವ ಪೂರಕ ತಂತ್ರಾಂಶ) ಹಾಕಿಕೊಂಡರೆ ಅದರ ಪ್ಯಾಟರ್ನ್ಸ್ ವಿಭಾಗದಲ್ಲೂ ಕ್ಯಾಮೊಫ್ಲಾಜ್ ಫಿಲ್ಟರ್ ಇದೆ. ಈ ಪ್ಲಗಿನ್ ಕೃತಾ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲೂ ಕೆಲಸ ಮಾಡುತ್ತದೆ.

ಗುಂಡಿ ಒತ್ತಿದ ಕೂಡಲೇ ಬರುವುದು ಮಾತ್ರ ಮತ್ತದೇ ಸೈನಿಕ ಉಡುಪಿನ ಹಸಿರು. ಆದ್ದರಿಂದ ಮೊದಲು ಬಣ್ಣ ಬದಲಾಯಿಸಬೇಕು. ಮೋಡ ಮುಸುಕಿದ ಹೊತ್ತಿನಲ್ಲಿ, ಮರೆ ಕಟ್ಟುವ ಜಾಗವನ್ನು ಹಕ್ಕಿ ಬರುವ ದಿಕ್ಕಿನಿಂದಲೇ ಚಿತ್ರ ತೆಗೆಯಿರಿ. ಬಿಸಿಲಿನಲ್ಲಿ ತೆಗೆದರೆ ನೆರಳು ಕಡುಕಪ್ಪಾಗಿ ಲೆಕ್ಕ ತಪ್ಪುತ್ತದೆ. ಆ ಚಿತ್ರವನ್ನು ಗಿಂಪ್‌ನಲ್ಲಿ ತೆರೆದು ಇಮೇಜ್ ಮೆನುವಿನ ಮೋಡ್‌ನಲ್ಲಿ ಇಂಡೆಕ್ಸ್ಡ್ ಆರಿಸಿ, ಬಣ್ಣಗಳ ಸಂಖ್ಯೆಯನ್ನು ಐದಕ್ಕೆ ಇಳಿಸಿ. ಆ ಜಾಗದ ಐದು ಪ್ರಧಾನ ಬಣ್ಣಗಳನ್ನು ಗಿಂಪ್ ತಾನೇ ಆರಿಸಿಕೊಡುತ್ತದೆ. ನಮ್ಮ ತೋಟದಲ್ಲಿ ಬಂದ ಬಣ್ಣಗಳಲ್ಲಿ ಮೂರು ಬೂದಿಯ ಛಾಯೆಗಳೇ. ಕಾಂಡದ ಮೇಲಿನ ಕಲ್ಲುಹೂವಿನ ಬಿಳಿಚು, ಒಣಗಿದ ಅಡಿಕೆ ಹಾಳೆಯ ಕಂದು, ಅಡಿಕೆಗೆ ಮದ್ದು (ಬೋರ್ಡೋ ದ್ರಾವಣ) ಬಿಟ್ಟ ಮೇಲೆ ಉಳಿಯುವ ಮಾಸಲು ನೀಲಿ. ಹಸಿರಿನ ಪಾಲು ನಾವು ಅಂದುಕೊಳ್ಳುವುದಕ್ಕಿಂತ ಬಹಳ ಕಡಿಮೆ. ಹಸಿರೆಲ್ಲ ಮೇಲೆ ಸೋಗೆಯಲ್ಲಿದೆ. ನಾವು ಕುಳಿತುಕೊಳ್ಳುವುದು ಕೆಳಗೆ.

ಎರಡನೆಯದು ದಿಕ್ಕು. ತೋಟವೆಂದರೆ ಲಂಬ ಗೆರೆಗಳ ಲೋಕ. ಅಲ್ಲಿ ದುಂಡು ತೇಪೆಗಳು ಹೊಂದುವುದಿಲ್ಲ. ಇದಕ್ಕೆ ಸಿದ್ಧ ಫಿಲ್ಟರ್‌ಗಿಂತ ರೆಂಡರ್ ಮೆನುವಿನ ಸಾಲಿಡ್ ನಾಯ್ಸ್ (ಮೋಡದಂಥ ಬೂದು ಮಚ್ಚೆಗಳನ್ನು ಹುಟ್ಟಿಸುವ ಫಿಲ್ಟರ್) ಒಳ್ಳೆಯದು. ಅದರಲ್ಲಿ ಎಕ್ಸ್ ಗಾತ್ರ, ವೈ ಗಾತ್ರ ಬೇರೆ ಬೇರೆ ಕೊಡಬಹುದು. ಎಕ್ಸ್ ಹೆಚ್ಚಿಸಿ ವೈ ತಗ್ಗಿಸಿದರೆ ತೇಪೆಗಳು ಮೇಲೆ ಕೆಳಗೆ ಉದ್ದವಾಗುತ್ತವೆ. ಆ ಬೂದುಚಿತ್ರಕ್ಕೆ ಥ್ರೆಶೋಲ್ಡ್ ಹಾಕಿದರೆ ಕಪ್ಪು ಬಿಳುಪಿನ ಸ್ಪಷ್ಟ ತೇಪೆ ಸಿಗುತ್ತದೆ. ಪ್ರತಿ ಬಣ್ಣಕ್ಕೂ ರ್‍ಯಾಂಡಮ್ ಸೀಡ್ (ಮಚ್ಚೆಗಳ ಹಂಚಿಕೆಯನ್ನು ನಿರ್ಧರಿಸುವ ಸಂಖ್ಯೆ) ಬದಲಿಸಿ ಒಂದೊಂದು ಪದರ ಮಾಡಿ ಒಂದರ ಮೇಲೊಂದು ಇಡಬೇಕು. ಟೈಲೆಬಲ್ ಎಂಬಲ್ಲಿ ಗುರುತು ಹಾಕಲು ಮರೆಯಬೇಡಿ. ಆಗ ಚಿತ್ರದ ಅಂಚಿಗೆ ಅಂಚು ಜೋಡಿಸಿದರೂ ಗೆರೆ ಕಾಣುವುದಿಲ್ಲ.

ನಿಮ್ಮ ಅನುಭವಗಳನ್ನು ತಿಳಿಸಿ. ಮುಖ್ಯವಾಗಿ ಪದವಿಗೆ ಏನು ಮಾಡಬಹುದು ಎಂಬುದರ ಬಗ್ಗೆ ತಿಳಿಯುವ ಕುತೂಹಲ ನನಗಿದೆ.


ಮಿಂಚುಳ್ಳಿ, ಕುಂಬಳೆ

ಅಣ್ಣಾ, ಬಹಳ ಉಪಯುಕ್ತ ಬರಹ. ಒಂದು ಪ್ರಶ್ನೆ. ಇಷ್ಟೆಲ್ಲ ಪದರ ಮಾಡುವ ಬದಲು ತೋಟದ ಫೋಟೋವನ್ನೇ ಬಟ್ಟೆಯ ಮೇಲೆ ಮುದ್ರಿಸಿದರೆ ಆಗದೇ? ಎಲೆ, ಕಾಂಡ ಎಲ್ಲ ಇದ್ದಂತೆಯೇ ಬರುತ್ತವಲ್ಲ.


ಅಡಿಕೆತೋಟ, ಬದಿಯಡ್ಕ

ಹತ್ತಿರದಿಂದ ನೋಡಿದರೆ ಸೊಗಸಾಗಿಯೇ ಕಾಣುತ್ತದೆ. ದೂರ ಹೋದಂತೆ ಸಣ್ಣ ಸಣ್ಣ ವಿವರಗಳೆಲ್ಲ ಬೆರೆತು ಇಡೀ ಬಟ್ಟೆ ಒಂದೇ ಮಧ್ಯಮ ಬೂದುಬಣ್ಣವಾಗುತ್ತದೆ, ಮರೆಯ ಹೊರಗೆರೆ ಪೂರ್ತಿ ಬಿಟ್ಟುಕೊಡುತ್ತದೆ. ಒಳ್ಳೆಯ ಕಣ್ಣಿನ ಮನುಷ್ಯ ಸುಮಾರು ಒಂದು ಕೋನ ಮಿನಿಟಿನಷ್ಟು (ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಸೂಕ್ಷ್ಮ ವಿವರವನ್ನು ಗುರುತಿಸಬಲ್ಲ. ಹತ್ತು ಮೀಟರ್ ದೂರದಲ್ಲಿ ಅದು ಸುಮಾರು 3 ಮಿಲಿಮೀಟರ್, ಇಪ್ಪತ್ತು ಮೀಟರಿನಲ್ಲಿ 6 ಮಿಲಿಮೀಟರ್. ಅದಕ್ಕಿಂತ ಚಿಕ್ಕದೆಲ್ಲ ಕರಗಿಹೋಗುತ್ತದೆ. ಹದ್ದುಗಳ ದೃಷ್ಟಿ ನಮ್ಮದಕ್ಕಿಂತ ಎಷ್ಟೋ ಸೂಕ್ಷ್ಮ, ಆದರೆ ಪೊದೆಯಲ್ಲಿ ಓಡಾಡುವ ಸಣ್ಣ ಹಕ್ಕಿಗಳ ದೃಷ್ಟಿ ಈ ವಿಷಯದಲ್ಲಿ ನಮಗಿಂತ ಕಡಿಮೆ. ಹಾಗಾಗಿ ಎರಡು ಅಳತೆಯ ತೇಪೆಗಳು ಬೇಕು. ಅಂಗೈಗಿಂತ ದೊಡ್ಡವು ಮರೆಯ ಆಕಾರವನ್ನು ಒಡೆಯಲು, ಹೆಬ್ಬೆರಳಿನಷ್ಟು ಚಿಕ್ಕವು ಹತ್ತಿರದ ಹಕ್ಕಿಗೆ. ಸಾಲಿಡ್ ನಾಯ್ಸ್ ಅನ್ನು ಎರಡು ಬೇರೆ ಗಾತ್ರಗಳಲ್ಲಿ ಮಾಡಿ ಒಂದರ ಮೇಲೊಂದು ಇಟ್ಟರೆ ಇದು ಸುಲಭವಾಗಿ ಆಗುತ್ತದೆ.


ನಿವೃತ್ತ ಯೋಧ, ಪೆರ್ಲ

ಮೇಲಿನ ಮಾತು ನೂರಕ್ಕೆ ನೂರು ಸರಿ. ಸೈನ್ಯಗಳು ಕೂಡ ಇದನ್ನು ಬೆಲೆ ತೆತ್ತೇ ಕಲಿತವು. ಕೆನಡಾದ ಸೈನ್ಯ 1990ರ ದಶಕದ ಕೊನೆಯಲ್ಲಿ ಸಣ್ಣ ಚೌಕಗಳ ಡಿಜಿಟಲ್ ವಿನ್ಯಾಸ ತಂದಿತು. ಅಮೆರಿಕದ ಮರೈನ್ ಪಡೆ 2002ರಲ್ಲಿ ತನ್ನದೇ ವಿನ್ಯಾಸ ಅಳವಡಿಸಿಕೊಂಡಿತು. ಈ ಎರಡೂ ಚೆನ್ನಾಗಿ ಕೆಲಸ ಮಾಡಿದ್ದು ಚೌಕಗಳಿಂದಲ್ಲ, ಚೌಕಗಳು ಸೇರಿ ದೊಡ್ಡ ತೇಪೆಗಳಾಗುತ್ತಿದ್ದುದರಿಂದ. ಅಮೆರಿಕದ ಭೂಸೇನೆ ಮರುಭೂಮಿ, ಕಾಡು, ಪಟ್ಟಣ ಎಲ್ಲದಕ್ಕೂ ಒಂದೇ ಬಟ್ಟೆ ಸಾಕೆಂದು 2004ರಲ್ಲಿ ಬೂದುಹಸಿರಿನ ವಿನ್ಯಾಸವೊಂದನ್ನು ಪ್ರಕಟಿಸಿತು. ಎಲ್ಲ ಕಡೆಗೂ ಎಂದು ಮಾಡಿದ್ದು ಹೆಚ್ಚಿನ ಕಡೆ ಹೊಂದಲೇ ಇಲ್ಲ. 2015ರಿಂದ ಬೇರೆ ವಿನ್ಯಾಸಕ್ಕೆ ಹೋಗಬೇಕಾಯಿತು. ತೋಟಕ್ಕೊಂದು, ಪದವಿಗೊಂದು ಎಂದು ನೀವು ಬೇರೆ ಬೇರೆ ಮಾಡುತ್ತಿರುವುದು ಸರಿಯಾದ ದಾರಿ.

ಆದರೆ ಒಂದು ವಿಷಯ ಗಟ್ಟಿಯಾಗಿ ಹೇಳುತ್ತೇನೆ. ನಮ್ಮ ಸೇನೆಯ ಹೊಸ ಡಿಜಿಟಲ್ ಸಮವಸ್ತ್ರವನ್ನು 2022ರ ಜನವರಿ 15ರ ಸೇನಾ ದಿನದಂದು ಅನಾವರಣ ಮಾಡಿದರು. ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯ ಜೊತೆ ಸೇರಿ ರೂಪಿಸಿದ ಆ ವಿನ್ಯಾಸವನ್ನು ನೋಂದಾಯಿಸಲಾಗಿದೆ. ಅದನ್ನು ನೋಡಿಕೊಂಡು ಪ್ಲಗಿನ್‌ನಲ್ಲಿ ನಕಲು ಮಾಡಲು ಯಾರೂ ಹೋಗಬಾರದು. ಸೈನಿಕನೆಂದು ಜನ ನಂಬಲಿ ಎಂಬ ಉದ್ದೇಶದಿಂದ ಸೈನಿಕರ ಉಡುಪನ್ನು ಹೋಲುವ ಬಟ್ಟೆ ತೊಡುವುದು ಭಾರತೀಯ ನ್ಯಾಯ ಸಂಹಿತೆಯ 168ನೇ ವಿಧಿಯಂತೆ ಅಪರಾಧ. ನೀವು ಮಾಡುತ್ತಿರುವುದು ಮರೆಗೆ ಹೊದಿಸುವ ಬಟ್ಟೆ, ಅದು ಬೇರೆ. ಅದರಿಂದ ಅಂಗಿ, ಪ್ಯಾಂಟು ಹೊಲಿಸಿಕೊಂಡು ಪೇಟೆಯಲ್ಲಿ ತಿರುಗಬೇಡಿ ಎಂಬುದು ಈ ಹಿರಿಯನ ಕೋರಿಕೆ. ಗಡಿಯ ಊರುಗಳಲ್ಲಿ ಪೊಲೀಸರಿಗೂ ಜನರಿಗೂ ಸುಮ್ಮನೆ ಗೊಂದಲವಾಗುತ್ತದೆ.

ಇನ್ನೊಂದು. ಆಕಾರ, ನೆರಳು, ಹೊಳಪು, ಚಲನೆ. ನಮಗೆ ಕಲಿಸಿದ್ದು ಇವು. ಬಣ್ಣದ ಮಾತು ಇವುಗಳ ನಂತರ ಬರುತ್ತದೆ. ಕ್ಯಾಮೆರಾದ ಲೆನ್ಸ್ ಹೊಳೆಯುತ್ತಿದ್ದರೆ ಎಂಥ ಬಟ್ಟೆಯೂ ಕಾಪಾಡುವುದಿಲ್ಲ.


ಪಯಸ್ವಿನಿ, ಅಡೂರು

ನನಗೆ ಈ ಇಡೀ ಪ್ರಯತ್ನದ ಬಗ್ಗೆಯೇ ಸಂದೇಹವಿದೆ. ಹಕ್ಕಿಯ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಶಂಕುಕೋಶಗಳು ನಾಲ್ಕು ಬಗೆಯವು, ನಮ್ಮಲ್ಲಿ ಮೂರೇ. ಅನೇಕ ಹಕ್ಕಿಗಳಿಗೆ ನಮಗೆ ಕಾಣದ ಅತಿನೇರಳೆ ಬೆಳಕೂ ಕಾಣುತ್ತದೆ. ನೀವು ಕಂಪ್ಯೂಟರ್ ಪರದೆಯ ಕೆಂಪು, ಹಸಿರು, ನೀಲಿಯಲ್ಲಿ ಎಷ್ಟೇ ಹೊಂದಿಸಿದರೂ ಅದು ಮನುಷ್ಯನ ಕಣ್ಣಿಗೆ ಹೊಂದಿದ ಬಣ್ಣ. ಅಲುಗಾಡದೆ ಕುಳಿತರೆ ಮಾಸಿದ ಬೈರಾಸು (ಹೆಗಲ ಮೇಲಿನ ವಸ್ತ್ರ) ಹೊದ್ದುಕೊಂಡವನ ಹತ್ತಿರವೂ ಹಕ್ಕಿ ಬರುತ್ತದೆ. ಹಳೆಯ ತಲೆಮಾರಿನವರು ಹಾಗೆಯೇ ನೋಡುತ್ತಿದ್ದರು.

ನಿಜವಾಗಿ ನನ್ನನ್ನು ಕಾಡುತ್ತಿರುವುದು ಬೇರೆ. ಪದವಿನಲ್ಲಿ ಮರೆ ಕಟ್ಟುವವರ ಪೈಕಿ ಹಲವರ ಗುರಿ ಹಳದಿ ಟಿಟ್ಟಿಭದ ಗೂಡು. ಅದು ಮಳೆಗಾಲಕ್ಕೆ ಮುಂಚಿನ ಬೇಸಗೆಯಲ್ಲಿ ಬೋಳು ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿ. ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪಾಗಿಡುತ್ತದೆ. ನೀವು ಎಷ್ಟು ಚೆನ್ನಾಗಿ ಅಡಗಿದ್ದರೂ ಮರೆ ಕಟ್ಟುವಾಗ, ಬಿಚ್ಚುವಾಗ ಅದು ಎದ್ದು ಹೋಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಕಾದ ಮುರಕಲ್ಲಿನ ಮೇಲೆ ಮೊಟ್ಟೆಗಳ ಗತಿ ಏನು? ಕಾಡುಹಕ್ಕಿಯ ಗೂಡಿಗೆ, ಮೊಟ್ಟೆಗೆ ತೊಂದರೆ ಕೊಡುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಒಳ್ಳೆಯ ಬಟ್ಟೆ ಮಾಡುವ ಮೊದಲು ಇದನ್ನು ಇಲ್ಲಿ ಎಲ್ಲರೂ ಒಪ್ಪಿಕೊಳ್ಳಬೇಕು.


ಅಡಿಕೆತೋಟ, ಬದಿಯಡ್ಕ

ಗೂಡಿನ ಬಗ್ಗೆ ನೀವು ಹೇಳಿದ್ದನ್ನು ಒಂದು ಅಕ್ಷರ ಬಿಡದೆ ಒಪ್ಪುತ್ತೇನೆ, ಅಕ್ಕ. ನಾನು ಹೇಳುತ್ತಿರುವ ಮರೆ ಅಕ್ಟೋಬರಿನಿಂದ ತೋಟಕ್ಕೆ ಬರುವ ನವರಂಗಕ್ಕೆ, ತೋಡಿನ ಬದಿಯ ಮಿಂಚುಳ್ಳಿಗೆ, ನೀರು ಕುಡಿಯಲು ಬರುವ ಹಕ್ಕಿಗಳಿಗೆ. ಪದವಿನಲ್ಲಿಯೂ ಮಳೆಗಾಲ ಮುಗಿದ ಮೇಲಿನ ತಿಂಗಳುಗಳು ಮಾತ್ರ. ಗೂಡಿನ ಬಳಿ ಮರೆ ಬೇಡವೇ ಬೇಡ.

ಅತಿನೇರಳೆಯ ಮಾತಿಗೆ ಬರುತ್ತೇನೆ. ಬಣ್ಣವನ್ನು ಹಕ್ಕಿಯ ಕಣ್ಣಿಗೆ ಪೂರ್ತಿ ಹೊಂದಿಸಲು ನಮ್ಮಿಂದ ಆಗುವುದಿಲ್ಲ, ನಿಜ. ಆದರೆ ಬೆಳಕು ಕತ್ತಲೆಯ ಪ್ರಮಾಣ ಹೊಂದಿಸಬಹುದು. ನನ್ನ ಅನುಭವದಲ್ಲಿ ಬಣ್ಣಕ್ಕಿಂತ ಹೆಚ್ಚು ಕೆಲಸ ಮಾಡುವುದು ಅದೇ. ವಿನ್ಯಾಸವನ್ನು ಜಾಗದ ಫೋಟೋದ ಮೇಲೆ ಒಂದು ಪದರವಾಗಿಟ್ಟು, ಎರಡನ್ನೂ ಡೀಸ್ಯಾಚುರೇಟ್ ಮಾಡಿ, ಗಾಸಿಯನ್ ಬ್ಲರ್ ಹಾಕಿ ನೋಡಿ. ಬಣ್ಣವಿಲ್ಲದೆ, ಮಸುಕಾಗಿ ನೋಡಿದಾಗಲೂ ಬಟ್ಟೆ ಎಲ್ಲಿದೆ ಎಂದು ಕಂಡುಹಿಡಿಯಲು ತಡವಾದರೆ ಅದು ಗೆದ್ದಂತೆ. ತಟ್ಟನೆ ಕಂಡರೆ ಕಪ್ಪು ಹೆಚ್ಚಾಗಿದೆ ಎಂದೇ ಅರ್ಥ. ಅಂಗಡಿಯ ಬಟ್ಟೆಗಳೆಲ್ಲ ಸೋಲುವುದು ಈ ಪರೀಕ್ಷೆಯಲ್ಲಿ.

ಅತಿನೇರಳೆಯಲ್ಲಿ ನಿಜವಾದ ತೊಂದರೆ ಬಟ್ಟೆಗೆ ಸೇರಿಸಿರುವ ಬೆಳ್ಪುಕಾರಕ. ಬಟ್ಟೆ ಬೆಳ್ಳಗೆ ಕಾಣಲೆಂದು ಗಿರಣಿಗಳಲ್ಲಿ ಹಾಕುತ್ತಾರೆ, ಅನೇಕ ಸಾಬೂನು ಪುಡಿಗಳಲ್ಲೂ ಇರುತ್ತದೆ. ಅದು ಅತಿನೇರಳೆಯನ್ನು ಹೀರಿ ನೀಲಿ ಬೆಳಕಾಗಿ ಹೊರಸೂಸುತ್ತದೆ. ನೋಟು ಪರೀಕ್ಷಿಸುವ ನೇರಳೆ ದೀಪವನ್ನು ಕತ್ತಲೆ ಕೋಣೆಯಲ್ಲಿ ಬಟ್ಟೆಯ ಮೇಲೆ ಹಿಡಿದರೆ ತಿಳಿಯುತ್ತದೆ. ನೀಲಿಯಾಗಿ ಹೊಳೆದರೆ ಆ ಬಟ್ಟೆ ಬೇಡ. ಒಗೆಯುವುದಿದ್ದರೆ ಬರೀ ನೀರಿನಲ್ಲಿ, ಅಥವಾ ಅಂಟುವಾಳಕಾಯಿಯ ನೊರೆಯಲ್ಲಿ ಒಗೆಯಿರಿ.


ಪಯಸ್ವಿನಿ, ಅಡೂರು

ಗೂಡಿನ ವಿಷಯ ಒಪ್ಪಿದ್ದಕ್ಕೆ ಸಂತೋಷ. ಬೆಳ್ಪುಕಾರಕದ ಮಾಹಿತಿ ನನಗೆ ಹೊಸದು, ನನ್ನ ಬೈರಾಸನ್ನೂ ಆ ದೀಪದಲ್ಲಿ ಪರೀಕ್ಷಿಸುತ್ತೇನೆ. ಆದರೂ ಬಟ್ಟೆಗಿಂತ ತಾಳ್ಮೆ ದೊಡ್ಡದು ಎಂಬ ನನ್ನ ಮಾತನ್ನು ಬಿಡುವುದಿಲ್ಲ.


ವಿಜ್ಞಾನ ಟೀಚರ್, ಮಂಜೇಶ್ವರ

ನಾನು ಕ್ಯಾಮೆರಾ ಹಿಡಿಯುವವಳಲ್ಲ. ಆದರೆ ಇದು ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಎಂಥ ಒಳ್ಳೆಯ ಪಾಠವಾಗಬಹುದು ಎಂದು ಓದುತ್ತ ಯೋಚಿಸುತ್ತಿದ್ದೆ. ನಿಸರ್ಗದ ಆಯ್ಕೆಯ ಪಾಠದಲ್ಲಿ ಇಂಗ್ಲೆಂಡಿನ ಮೆಣಸು ಪತಂಗದ ಉದಾಹರಣೆ ಬರುತ್ತದೆ. ಕಾರ್ಖಾನೆಯ ಮಸಿಯಿಂದ ಕಪ್ಪಾದ ಕಾಂಡಗಳ ಮೇಲೆ ಕಪ್ಪು ಪತಂಗ ಉಳಿಯಿತು, ಬಿಳಿಚು ಪತಂಗವನ್ನು ಹಕ್ಕಿಗಳು ಹೆಕ್ಕಿ ತಿಂದವು. ಕೆಟಲ್‌ವೆಲ್ ಎಂಬವರು 1950ರ ದಶಕದಲ್ಲಿ ಇದರ ಪ್ರಯೋಗ ಮಾಡಿದರು. ಅವರ ವಿಧಾನದ ಮೇಲೆ ಆಕ್ಷೇಪಗಳು ಬಂದಾಗ ಕೇಂಬ್ರಿಡ್ಜಿನ ಮೈಕೆಲ್ ಮಜೆರಸ್ 2001ರಿಂದ ವರ್ಷಗಟ್ಟಲೆ ಮತ್ತೆ ಪ್ರಯೋಗ ನಡೆಸಿದರು. ಹಕ್ಕಿಗಳು ಎದ್ದು ಕಾಣುವುದನ್ನೇ ಹೆಚ್ಚು ಹಿಡಿಯುತ್ತವೆ ಎಂಬುದು ಅದರಲ್ಲಿಯೂ ದೃಢಪಟ್ಟಿತು. ಅವರು ತೀರಿಕೊಂಡ ಮೇಲೆ, 2012ರಲ್ಲಿ, ಅವರ ಸಹೋದ್ಯೋಗಿಗಳು ಆ ಫಲಿತಾಂಶವನ್ನು ಪ್ರಕಟಿಸಿದರು.

ಈ ಉದಾಹರಣೆ ಹೇಳುವಾಗ ನನಗೆ ಯಾವಾಗಲೂ ಅನಿಸುತ್ತದೆ, ನಮ್ಮ ಮಕ್ಕಳು ನೋಡಿರುವ ಹಾರುವ ಓತಿಯನ್ನು ಬಿಟ್ಟು ಇಂಗ್ಲೆಂಡಿನ ಪತಂಗವನ್ನೇಕೆ ಮೊದಲು ಹೇಳಬೇಕು? ಅಡಿಕೆ, ತೆಂಗಿನ ಕಾಂಡಕ್ಕೆ ಅಂಟಿಕೊಂಡಿರುವ ಹಾರುವ ಓತಿಯನ್ನು ಮರದ ಬುಡದಲ್ಲಿ ನಿಂತರೂ ಕಾಣುವುದು ಕಷ್ಟ. ಕುತ್ತಿಗೆಯ ಹಳದಿ ಪಟ್ಟಿಯನ್ನು ಬೀಸಿದಾಗ ಮಾತ್ರ ಇದೆಯೆಂದು ತಿಳಿಯುತ್ತದೆ. ಅದು ಕಲ್ಲುಹೂವಿನ ತೇಪೆಗಳನ್ನೇ ಮೈಮೇಲೆ ಹೊತ್ತುಕೊಂಡಂತಿದೆ. ಅಡಿಕೆತೋಟದವರು ಹೇಳಿದ ಬೂದು ಛಾಯೆಗಳ ಲೆಕ್ಕ ಅದರ ಬೆನ್ನಿನಲ್ಲೇ ಇದೆ.

ನನ್ನ ಯೋಜನೆ ಹೀಗಿದೆ. ಮಕ್ಕಳೇ ಶಾಲೆಯ ಸುತ್ತಿನ ಕಾಂಡ, ನೆಲ, ಗೋಡೆಗಳ ಚಿತ್ರ ತೆಗೆಯಲಿ. ಶಾಲೆಯ ಕಂಪ್ಯೂಟರಿನಲ್ಲಿ ಗಿಂಪ್ ಹಾಕಿಕೊಂಡು ಐದು ಬಣ್ಣಕ್ಕೆ ಇಳಿಸಿ ವಿನ್ಯಾಸ ಮಾಡಲಿ. ಅದನ್ನು ಕಾಗದದಲ್ಲಿ ಮುದ್ರಿಸಿ ಪತಂಗದ ಆಕಾರಕ್ಕೆ ಕತ್ತರಿಸಿ ಅಂಗಳದಲ್ಲಿ ಅಂಟಿಸಲಿ. ಬೇರೆ ತರಗತಿಯ ಮಕ್ಕಳು ಹಕ್ಕಿಗಳಾಗಿ ಬಂದು ನಿಗದಿತ ಹೊತ್ತಿನಲ್ಲಿ ಸಿಕ್ಕಿದ್ದನ್ನು ಹೆಕ್ಕಲಿ. ಉಳಿದವು ಯಾವುವು ಎಂದು ಎಣಿಸಿದರೆ ಪಾಠ ತಾನಾಗಿ ಬರುತ್ತದೆ. ಇದಕ್ಕೆ ತೇಪೆಯ ಅಳತೆ ಎಷ್ಟಿರಬೇಕೆಂದು ಯಾರಾದರೂ ಹೇಳುವಿರಾ?


ನಿವೃತ್ತ ಯೋಧ, ಪೆರ್ಲ

ಟೀಚರ್, ಪತಂಗದ ಅಂಚಿನ ಕಡೆಗೆ ಗಮನ ಕೊಡಿ. ತೇಪೆಗಳು ಅಂಚನ್ನು ದಾಟಿ ಹೊರಹೋಗುವಂತಿದ್ದರೆ ಆಕಾರ ಒಡೆಯುತ್ತದೆ. ತೇಪೆಗಳೆಲ್ಲ ಮಧ್ಯದಲ್ಲೇ ಉಳಿದು ಅಂಚು ಒಂದೇ ಬಣ್ಣವಾದರೆ ಪತಂಗದ ರೂಪ ಸ್ಪಷ್ಟವಾಗಿ ಕಾಣುತ್ತದೆ. ಕೆಲವು ಪತಂಗ ಹಾಗೆ, ಕೆಲವು ಹೀಗೆ ಮಾಡಿಸಿದರೆ ಮಕ್ಕಳೇ ವ್ಯತ್ಯಾಸ ಕಂಡುಕೊಳ್ಳುತ್ತಾರೆ. ನೆರಳನ್ನೂ ಮರೆಯಬೇಡಿ. ಮೇಲೆ ಕಡುಬಣ್ಣ, ಹೊಟ್ಟೆ ತಿಳಿಬಣ್ಣ ಇರುವ ಪ್ರಾಣಿಯ ಮೈ ಬಿಸಿಲಿನಲ್ಲಿ ಚಪ್ಪಟೆಯಾಗಿ ಕಾಣುತ್ತದೆ ಎಂದು ಅಮೆರಿಕದ ಚಿತ್ರಕಾರ ಆಬಟ್ ಥಾಯರ್ 1896ರಲ್ಲೇ ಬರೆದಿದ್ದರು. ಜಿಂಕೆ, ಮೀನು ಎಲ್ಲ ಹಾಗೆಯೇ.


ಸ್ಕ್ರೀನ್ ಪ್ರಿಂಟಿಂಗ್, ಕಾಸರಗೋಡು

ಮುದ್ರಣದ ಕಡೆಯಿಂದ ನಾಲ್ಕು ಮಾತು. ಪರದೆಯ ಮೇಲೆ ಚೆನ್ನಾಗಿ ಕಂಡದ್ದು ಬಟ್ಟೆಗೆ ಹಾಗೆಯೇ ಬರುತ್ತದೆಂದು ನಂಬಬೇಡಿ. ಪರದೆಯದು ಬೆಳಕಿನ ಬಣ್ಣ, ನಮ್ಮದು ಶಾಯಿಯ ಬಣ್ಣ. ಹಸಿರು ಮಂಕಾಗುತ್ತದೆ, ಕಪ್ಪು ಮತ್ತಷ್ಟು ಕಪ್ಪಾಗುತ್ತದೆ. ಒಂದು ಅಡಿ ಪಟ್ಟಿಯನ್ನು ಮುದ್ರಿಸಿ, ತೋಟಕ್ಕೆ ಒಯ್ದು, ಕಾಂಡದ ಪಕ್ಕ ಹಿಡಿದು ನೋಡಿ, ಆಮೇಲೆ ಉಳಿದದ್ದು.

ಈಗ ಎಲ್ಲರೂ ಕೇಳುವ ಶಾಖ ವರ್ಗಾವಣೆಯ ಮುದ್ರಣ ಪಾಲಿಯೆಸ್ಟರ್ ಬಟ್ಟೆಗೆ ಮಾತ್ರ ಹಿಡಿಯುತ್ತದೆ. ಆ ಬಟ್ಟೆಗೆ ಹೊಳಪಿದೆ, ಹಿಂಬದಿ ಬಿಳಿಯಾಗಿಯೇ ಉಳಿಯುತ್ತದೆ, ಗಾಳಿಗೆ ಮಡಚಿಕೊಂಡರೆ ದೂರದಿಂದ ಬಿಳಿ ಮಿನುಗುತ್ತದೆ. ಮರೆಗೆ ಒರಟು ಹತ್ತಿ ಬಟ್ಟೆಯೇ ಮೇಲು. ಅದಕ್ಕೆ ನಾವು ಸ್ಕ್ರೀನ್ ಮುದ್ರಣ ಮಾಡಬಹುದು. ಸ್ಕ್ರೀನ್ ಮುದ್ರಣಕ್ಕೆ ಪ್ರತಿ ಬಣ್ಣಕ್ಕೂ ಬೇರೆ ಬೇರೆ ಕಪ್ಪುಬಿಳುಪು ಚಿತ್ರ ಬೇಕು. ಸಾಮಾನ್ಯವಾಗಿ ಫೋಟೋ ಕೊಟ್ಟವರಿಗೆ ಅದನ್ನು ಬಿಡಿಸಿಕೊಡುವುದೇ ನಮಗೆ ದೊಡ್ಡ ಕೆಲಸ. ಅಡಿಕೆತೋಟದವರ ವಿಧಾನದಲ್ಲಿ ಥ್ರೆಶೋಲ್ಡ್ ಹಾಕಿದ ಒಂದೊಂದು ಪದರವೂ ಆಗಲೇ ಸಿದ್ಧವಾದ ಒಂದು ಸ್ಕ್ರೀನು. ಅದಕ್ಕೇ ಈ ವಿಧಾನ ನನಗೆ ತುಂಬ ಇಷ್ಟವಾಯಿತು. ಮೂಲ ಬಟ್ಟೆಗೆ ತಿಳಿಬೂದಿಯ ಬಣ್ಣ ಹಾಕಿಸಿ, ಮೇಲೆ ಮೂರು ಸ್ಕ್ರೀನ್ ಹೊಡೆದರೆ ನಾಲ್ಕು ಬಣ್ಣವಾಯಿತು. ಸ್ಕ್ರೀನ್ ಮಾಡಿಸುವ ಖರ್ಚು ಬೇಡವೆನ್ನುವವರು ಅದೇ ಪದರಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಕತ್ತರಿಸಿ ಅಚ್ಚು ಮಾಡಿಕೊಂಡು ಸ್ಪಂಜಿನಿಂದ ಬಟ್ಟೆಬಣ್ಣ ಒತ್ತಬಹುದು.

ಕಡತವನ್ನು ಜೆಪೆಗ್ ಆಗಿ ಕಳುಹಿಸಬೇಡಿ. ತೇಪೆಯ ಅಂಚಿನಲ್ಲಿ ಕೊಳಕು ಬಣ್ಣಗಳು ಸೇರಿಕೊಳ್ಳುತ್ತವೆ. ಪಿಎನ್‌ಜಿ ಕಳುಹಿಸಿ.


ಮಿಂಚುಳ್ಳಿ, ಕುಂಬಳೆ

ಚಿತ್ರದ ಅಳತೆ ಎಷ್ಟು ಪಿಕ್ಸೆಲ್ ಇಡಬೇಕು? ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ದೊಡ್ಡ ಚಿತ್ರ ತೆರೆದರೆ ಗಿಂಪ್ ನಿಂತೇಬಿಡುತ್ತದೆ.


ಸ್ಕ್ರೀನ್ ಪ್ರಿಂಟಿಂಗ್, ಕಾಸರಗೋಡು

ಒಂದೂವರೆ ಮೀಟರ್ ಅಗಲದ ಬಟ್ಟೆಗೆ ಇಂಚಿಗೆ 100 ಪಿಕ್ಸೆಲ್‌ನಂತೆ ಸುಮಾರು 5,900 ಪಿಕ್ಸೆಲ್ ಅಗಲ ಬೇಕಾಗುತ್ತದೆ. ಇಂಚಿಗೆ 72 ಆದರೂ ನಡೆಯುತ್ತದೆ, ಆಗ ಸುಮಾರು 4,250. ಇದನ್ನು ಯಾರೂ ಕೈಯಳತೆಯಲ್ಲಿ ನೋಡುವುದಿಲ್ಲವಲ್ಲ. ಚಿಕ್ಕ ಚೌಕ ಮಾಡಿ ಪುನರಾವರ್ತಿಸುವುದಕ್ಕಿಂತ ಪೂರ್ತಿ ಅಗಲಕ್ಕೆ ಒಂದೇ ಚಿತ್ರ ಮಾಡಿ. ಒಂದೇ ಗುರುತಿನ ತೇಪೆ ಅಡಿಗೊಮ್ಮೆ ಬಂದರೆ ಸಾಲು ಸಾಲಾಗಿ ಕಾಣುತ್ತದೆ, ಮರೆ ಎಲ್ಲಿದೆಯೆಂದು ಅದೇ ಹೇಳಿಬಿಡುತ್ತದೆ. ಹಳೆಯ ಯಂತ್ರವಾದರೆ ಮೊದಲು ಚಿಕ್ಕ ಅಳತೆಯಲ್ಲಿ ಬಣ್ಣ, ತೇಪೆ ಎಲ್ಲ ತೀರ್ಮಾನಿಸಿ. ಸೀಡ್ ಸಂಖ್ಯೆಗಳನ್ನು ಬರೆದಿಟ್ಟುಕೊಂಡು ಕೊನೆಗೆ ಒಮ್ಮೆ ಮಾತ್ರ ದೊಡ್ಡದಾಗಿ ಮಾಡಿ.


ಅಡಿಕೆತೋಟ, ಬದಿಯಡ್ಕ

ಉಪಕಾರವಾಯಿತು. ಸೀಡ್ ಬರೆದಿಡುವುದು ನಿಜಕ್ಕೂ ಮುಖ್ಯ. ಈ ನಾಯ್ಸ್ ಎಲ್ಲ ಗಣಕ ವಿಜ್ಞಾನಿ ಕೆನ್ ಪರ್ಲಿನ್ 1980ರ ದಶಕದಲ್ಲಿ ರೂಪಿಸಿದ ಬಗೆಯದು. ನಿಸರ್ಗದ ಏರುಪೇರನ್ನು ಹೋಲುವ ಆ ಸೂತ್ರಕ್ಕಾಗಿ 1997ರಲ್ಲಿ ಅವರಿಗೆ ಆಸ್ಕರ್ ನೀಡುವ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಯೂ ಬಂತು. ಅದರ ಗುಣವೇ ಹೀಗೆ: ಅದೇ ಸೀಡ್, ಅದೇ ಗಾತ್ರ ಕೊಟ್ಟರೆ ಅದೇ ಚಿತ್ರ ಮತ್ತೆ ಬರುತ್ತದೆ.

ಪದವಿನ ಬಗ್ಗೆ ಯಾರೂ ಏನೂ ಹೇಳಲಿಲ್ಲ.


ಮಿಂಚುಳ್ಳಿ, ಕುಂಬಳೆ

ಪದವಿಗೆ ಒಂದೇ ಬಟ್ಟೆ ಸಾಲದು ಅಣ್ಣಾ. ಮಳೆ ಬಿದ್ದ ಕೂಡಲೇ ಹುಲ್ಲು, ಆಗಸ್ಟ್ ಹೊತ್ತಿಗೆ ನೀಲಿ, ಹಳದಿ ಹೂಗಳ ಹಾಸು, ಡಿಸೆಂಬರಿನಲ್ಲಿ ಒಣಗಿದ ಮುಳಿಹುಲ್ಲಿನ ಹೊಂಬಣ್ಣ, ಬೇಸಗೆಗೆ ಬರೀ ಕಪ್ಪುಗೆಂಪು ಕಲ್ಲು. ಕೆಂಪುಕಲ್ಲು ಎಂದು ಕರೆದರೂ ಬಿಸಿಲು ಮಳೆಗೆ ಮೈಯೊಡ್ಡಿದ ಮೇಲ್ಮೈ ಕೆಂಪಲ್ಲ, ಕಪ್ಪು ಮಿಶ್ರಿತ ಕಂದು. ಹೊಸದಾಗಿ ಕಡಿದ ಕಲ್ಲಿನ ಕೋರೆಯಲ್ಲಿ ಮಾತ್ರ ಕೆಂಪು. ಹಾಗಾಗಿ ಇಟ್ಟಿಗೆ ಬಣ್ಣ ಹಾಕಿದವರ ಬಟ್ಟೆ ಪದವಿನಲ್ಲಿ ದೂರಕ್ಕೇ ಕಾಣುತ್ತದೆ. ಬಟ್ಟೆಯ ಒಂದು ಮುಖಕ್ಕೆ ಕಲ್ಲಿನ ವಿನ್ಯಾಸ, ಇನ್ನೊಂದು ಮುಖಕ್ಕೆ ಒಣಹುಲ್ಲಿನ ವಿನ್ಯಾಸ ಮುದ್ರಿಸಿದರೆ ಎರಡು ಕಾಲಕ್ಕೂ ಆಗುತ್ತದೆ. ಕಲ್ಲಿನ ಮುಖಕ್ಕೆ ಎಕ್ಸ್, ವೈ ಎರಡೂ ಸಮ, ಡೀಟೇಲ್ ಹೆಚ್ಚು ಇಡಬೇಕು, ಏಕೆಂದರೆ ಮುರಕಲ್ಲು ತೂತುತೂತಾಗಿದೆ. ಹುಲ್ಲಿನ ಮುಖಕ್ಕೆ ತೋಟದಂತೆಯೇ ಲಂಬ ತೇಪೆ, ಆದರೆ ಬಹಳ ಸಪೂರ. ಇನ್ನೊಂದು ವಿಷಯವೆಂದರೆ ಪದವಿನಲ್ಲಿ ಮರೆ ಎತ್ತರವಿದ್ದರೆ ಆಕಾಶಕ್ಕೆ ಎದುರಾಗಿ ಕಾಣುತ್ತದೆ. ಮಲಗಿಕೊಂಡೇ ಚಿತ್ರ ತೆಗೆಯುವಷ್ಟು ತಗ್ಗಾಗಿರಲಿ.


ಸ್ಕ್ರೀನ್ ಪ್ರಿಂಟಿಂಗ್, ಕಾಸರಗೋಡು

ಎರಡು ಮುಖಕ್ಕೆ ಮುದ್ರಿಸುವುದಾದರೆ ದಪ್ಪ ಬಟ್ಟೆ ಬೇಕು, ಇಲ್ಲವಾದರೆ ಒಂದು ಕಡೆಯ ಬಣ್ಣ ಇನ್ನೊಂದು ಕಡೆಗೆ ಇಣುಕುತ್ತದೆ. ಎರಡು ತೆಳು ಬಟ್ಟೆಗಳನ್ನು ಬೆನ್ನಿಗೆ ಬೆನ್ನು ಹೊಲಿಸುವುದು ಇನ್ನೂ ಸುಲಭ.


ವಿಜ್ಞಾನ ಟೀಚರ್, ಮಂಜೇಶ್ವರ

ಅಡಿಕೆ ಕಾಂಡದ ವಿನ್ಯಾಸದ ಕಡತವನ್ನು ನನಗೂ ಕಳುಹಿಸಿಕೊಡುವಿರಾ? ಮಕ್ಕಳಿಗೆ ಮಾದರಿಯಾಗಿ ತೋರಿಸಲು ಬೇಕಿತ್ತು.


ಅಡಿಕೆತೋಟ, ಬದಿಯಡ್ಕ

ಖಂಡಿತ ಟೀಚರ್. ಪದರಗಳು ಬೇರೆ ಬೇರೆಯಾಗಿಯೇ ಉಳಿದಿರುವ ಗಿಂಪ್ ಕಡತ ಮತ್ತು ಪಿಎನ್‌ಜಿ ಎರಡನ್ನೂ ಕಳುಹಿಸುತ್ತೇನೆ. ಮಕ್ಕಳು ಪದರಗಳನ್ನು ಒಂದೊಂದಾಗಿ ತೆಗೆದು, ಹಾಕಿ ನೋಡಲಿ. ಕಾಗದದಲ್ಲಿ ಮುದ್ರಿಸುವಾಗ ಹಾಳೆಯ ಅಳತೆಗೆ ಕುಗ್ಗಿಸುವ ಆಯ್ಕೆಯನ್ನು ತೆಗೆದುಹಾಕಿ ನೂರು ಶೇಕಡಾದಲ್ಲೇ ಮುದ್ರಿಸಿ, ಇಲ್ಲವಾದರೆ ತೇಪೆಗಳು ಚಿಕ್ಕದಾಗಿ ಕಾಂಡಕ್ಕೆ ಹೊಂದುವುದಿಲ್ಲ. ಮಿಂಚುಳ್ಳಿಯವರು ಪದವಿನ ಎರಡು ಕಾಲದ ಫೋಟೋಗಳನ್ನು ಕೊಟ್ಟರೆ ಕಲ್ಲಿನದ್ದೂ ಹುಲ್ಲಿನದ್ದೂ ನಾನೇ ಮಾಡಿ ಇಲ್ಲಿ ಹಾಕುತ್ತೇನೆ. ಯಾರು ಬೇಕಾದರೂ ಬಳಸಬಹುದು.